ಡೋಲೋಮೈಟ್ ಕಲ್ಲು ಹುಟ್ಟಿದ್ದು ಹೇಗೆ? ತೆಂಗಿನ ತೋಟದಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ಸಾರ್, ನಮ್ಮದು ಮದ್ದೂರು ತಾಲ್ಲೂಕು. ತೆಂಗಿನ ಗರಿ ಹಳದಿ ತಿರುಗ್ತಿದೆ ಅಂದಿದ್ದಕ್ಕೆ ಗೊಬ್ಬರದ ಅಂಗಡಿಯವರು ಎರಡು ಮೂಟೆ ಡೋಲೋಮೈಟ್ ಪುಡಿ ಕೊಟ್ಟರು. ಪಿಯುಸಿ ಓದೋ ಮಗಳು ಮೂಟೆ ನೋಡಿ, ‘ಅಪ್ಪ, ಇದು ಕೋಟ್ಯಂತರ ವರ್ಷದ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಆದ ಕಲ್ಲಂತೆ, ಈಗಿನ ಸಮುದ್ರದಲ್ಲಿ ಆಗೋದೇ ಇಲ್ಲವಂತೆ’ ಅಂದಳು. ಆಗ ಆಗಿದ್ದು ಈಗ ಯಾಕೆ ಆಗಲ್ಲ? ನಮ್ಮ ಮಂಡ್ಯದ ಕೆಳಗೂ ಈ ಕಲ್ಲು ಇದೆಯಾ?

ಉತ್ತರ: ಮೊದಲು ಮಗಳಿಗೆ ಶಹಬ್ಬಾಸ್ ಹೇಳಿ. ಅವಳು ಕೈ ಹಾಕಿರುವುದು ಭೂವಿಜ್ಞಾನದವರು ತಲೆಮಾರುಗಳಿಂದ ತಲೆ ಕೆರೆದುಕೊಳ್ಳುತ್ತಿರುವ ಪ್ರಶ್ನೆಗೆ. ಇದಕ್ಕೆ ‘ಡೋಲೋಮೈಟ್ ಸಮಸ್ಯೆ’ ಅಂತಲೇ ಹೆಸರು. ನಾನು ಮೈಸೂರಲ್ಲಿ ಈ ಪಾಠ ಹೇಳಿ ಹೇಳಿಯೇ ನಿವೃತ್ತಿಯಾದವನು. ಒಂದು ಕಾಲದಲ್ಲಿ ಬೋರ್ಡ್ ಮೇಲೆ ಬರೆದ ಉತ್ತರವನ್ನು ಆಮೇಲೆ ನಾನೇ ಅಳಿಸಬೇಕಾಯಿತು. ಆ ಕಥೆಯೂ ಮುಂದೆ ಬರುತ್ತದೆ.

ಒಂದು ತಿದ್ದುಪಡಿ ಈಗಲೇ ಹೇಳಿಬಿಡುತ್ತೇನೆ. ಈಗ ‘ಆಗೋದೇ ಇಲ್ಲ’ ಅನ್ನುವುದು ಪೂರ್ತಿ ಸರಿಯಲ್ಲ. ಕೆಲವೇ ಜಾಗಗಳಲ್ಲಿ ಒಂದಿಷ್ಟು ಆಗುತ್ತಿದೆ. ಆದರೆ ಹಿಂದೆ ಬೆಟ್ಟಗಟ್ಟಲೆ ಆದದ್ದಕ್ಕೆ ಹೋಲಿಸಿದರೆ ಅದು ಚಿಟಿಕೆಯಷ್ಟೂ ಅಲ್ಲ.

ಕಲ್ಲಿನ ಒಳಗೇನಿದೆ ಅಂತ ನೋಡೋಣ. ಸುಣ್ಣದ ಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಡುಗೆಮನೆ ಕಟ್ಟೆಗೆ ಹಾಸುವ ಕಡಪಾ ಕಲ್ಲು, ಹಜಾರಕ್ಕೆ ಹಾಸುವ ಶಹಾಬಾದ್ ಕಲ್ಲು ಎಲ್ಲ ಇದೇ ಜಾತಿ. ಡೋಲೋಮೈಟಿನಲ್ಲಿ ಅರ್ಧದಷ್ಟು ಕ್ಯಾಲ್ಸಿಯಂ ಜಾಗದಲ್ಲಿ ಮೆಗ್ನೀಸಿಯಂ ಕೂತಿರುತ್ತದೆ. ಸುಮ್ನೆ ಎಲ್ಲೆಂದರಲ್ಲಿ ಅಲ್ಲ. ಒಂದು ಪದರ ಕ್ಯಾಲ್ಸಿಯಂ, ಆಮೇಲೆ ಕಾರ್ಬೊನೇಟ್, ಆಮೇಲೆ ಮೆಗ್ನೀಸಿಯಂ, ಮತ್ತೆ ಕಾರ್ಬೊನೇಟ್, ಮತ್ತೆ ಕ್ಯಾಲ್ಸಿಯಂ, ಹೀಗೆ ಸರದಿ ತಪ್ಪುವ ಹಾಗಿಲ್ಲ. ದೇವರಾಜ ಮಾರ್ಕೆಟ್ಟಲ್ಲಿ ಹೂ ಕಟ್ಟುವವರನ್ನು ನೋಡಿದ್ದೀರಲ್ಲ? ಬರೀ ಮಲ್ಲಿಗೆಯಾದರೆ ಮಾತಾಡುತ್ತಾ ಕಟ್ಟಿ ಬಿಸಾಕುತ್ತಾರೆ. ಒಂದು ಜೊತೆ ಮಲ್ಲಿಗೆ, ಒಂದು ಜೊತೆ ಕನಕಾಂಬರ ಅಂತ ಸರದಿಯಲ್ಲಿ ಕಟ್ಟಬೇಕಾದರೆ ಗಮನ ಬೇಕು, ನಡುವೆ ಒಂದು ತಪ್ಪಿದರೆ ಅಷ್ಟುದ್ದ ಬಿಚ್ಚಿ ಮತ್ತೆ ಕಟ್ಟಬೇಕು. ಸುಣ್ಣದ ಕಲ್ಲು ಬರೀ ಮಲ್ಲಿಗೆ ಮಾಲೆ. ಡೋಲೋಮೈಟ್ ಎರಡು ಹೂವಿನದು. ಈ ಬಿಚ್ಚುವ ವಿಷಯಕ್ಕೆ ಮತ್ತೆ ಬರುತ್ತೇನೆ.

ಬರಿಗಣ್ಣಿಗೆ ಎರಡೂ ಕಲ್ಲು ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ. ನನ್ನ ಮೇಜಿನ ಮೇಲೆ ಎರಡರದ್ದೂ ಒಂದೊಂದು ಚೂರಿದೆ, ಎರಡೂ ಬೂದು ಬಣ್ಣ. ಪಾಠ ಕೇಳಲು ಬಂದ ಮಕ್ಕಳಿಗೆ ನಾನು ಬಾಯಲ್ಲಿ ಹೇಳುವುದಿಲ್ಲ, ಡ್ರಾಪರ್ ಕೊಡುತ್ತೇನೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟರೆ ಸುಣ್ಣದ ಕಲ್ಲು ಬುಸ್ ಅಂತ ನೊರೆ ಉಗುಳುತ್ತದೆ, ಗೋಲಿ ಸೋಡಾ ಒಡೆದ ಹಾಗೆ. ಡೋಲೋಮೈಟ್ ಮೇಲೆ ಬಿಟ್ಟರೆ ಹನಿ ಹಾಗೇ ಕೂತಿರುತ್ತದೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಅದೇ ಕಲ್ಲನ್ನು ಮೊಳೆಯಲ್ಲಿ ಕೆರೆದು, ಆ ಪುಡಿಯ ಮೇಲೆ ಇನ್ನೊಂದು ಹನಿ ಬಿಟ್ಟರೆ ಆಗ ಸಣ್ಣಗೆ ಗುಳ್ಳೆ ಏಳುತ್ತದೆ, ಬೆಳಗಿನ ಜಾವ ಎಬ್ಬಿಸಿದ ಹುಡುಗ ಗೊಣಗಿಕೊಂಡ ಹಾಗೆ. ಫ್ರಾನ್ಸಿನ ಡೋಲೋಮಿಯೋ ಎಂಬಾತ ಇಟಲಿ ಕಡೆಯ ಆಲ್ಪ್ಸ್ ಬೆಟ್ಟಗಳಲ್ಲಿ ಓಡಾಡುವಾಗ, ಸುಣ್ಣದ ಕಲ್ಲಿನಂತೆ ಕಂಡರೂ ಆಸಿಡ್‌ಗೆ ಜಗ್ಗದ ಈ ಕಲ್ಲನ್ನು ಗಮನಿಸಿ 1791ರಲ್ಲಿ ಬರೆದ. ಕಲ್ಲಿಗೆ ಅವನ ಹೆಸರು ಬಂತು, ಆಮೇಲೆ ಕಲ್ಲಿನಿಂದ ಆ ಬೆಟ್ಟಸಾಲಿಗೇ ‘ಡೋಲೋಮೈಟ್ಸ್’ ಅಂತ ಹೆಸರು ಬಿತ್ತು.

ಈಗ ಸಮುದ್ರಕ್ಕೆ ಹೋಗೋಣ. ‘ಆಳವಿಲ್ಲದ ಸಮುದ್ರ’ ಅಂದಾಗ ಮಲ್ಪೆಯದೋ ಕಾರವಾರದ್ದೋ ಕಡಲತೀರ ಕಣ್ಣ ಮುಂದೆ ತಂದುಕೊಳ್ಳಬೇಡಿ. ಹಳ್ಳಿ ಮನೆಯ ಜಗಲಿ ನೆನೆಸಿಕೊಳ್ಳಿ. ಅಗಲವಾಗಿ, ಸಪಾಟಾಗಿ ಇರುತ್ತದೆ, ಅಂಚು ಬಂತೆಂದರೆ ಅಂಗಳಕ್ಕೆ ಧುಮುಕುತ್ತದೆ. ಸಮುದ್ರದಲ್ಲೂ ಇಂಥ ಜಗಲಿಗಳಿವೆ. ಬಹಾಮಾಸ್ ದ್ವೀಪಗಳ ಸುತ್ತ ಇರುವುದು ಇದಕ್ಕೆ ಒಳ್ಳೆ ಉದಾಹರಣೆ. ನೂರಾರು ಕಿಲೋಮೀಟರ್ ಉದ್ದ, ಬಹುಪಾಲು ಕಡೆ ನೀರು 10 ಮೀಟರ್ ಆಳವೂ ಇಲ್ಲ, ಅಂಚು ದಾಟಿದರೆ ಕಡುನೀಲಿ ಆಳ. ಜಗಲಿಯ ಮೇಲೆ ಬಿಸಿಲು ತಳದವರೆಗೆ ಬೀಳುತ್ತದೆ, ನೀರು ಬೆಚ್ಚಗಿರುತ್ತದೆ, ನದಿ ತರುವ ಕೆಸರಿಲ್ಲ. ಚಿಪ್ಪಿನ ಹುಳುಗಳು, ಹವಳ, ಪಾಚಿ ಎಲ್ಲ ಸೇರಿ ಸುಣ್ಣ ತಯಾರಿಸುತ್ತಲೇ ಇರುತ್ತವೆ. ಸತ್ತ ಮೇಲೆ ಅವುಗಳ ಚಿಪ್ಪು, ಪುಡಿ, ಕೆಸರು ತಳಕ್ಕೆ ಕೂರುತ್ತದೆ. ಜಗಲಿ ನಿಧಾನವಾಗಿ ಕುಸಿಯುತ್ತದೆ, ಸುಣ್ಣ ಅಷ್ಟೇ ವೇಗದಲ್ಲಿ ಮೇಲೆ ತುಂಬಿಕೊಳ್ಳುತ್ತದೆ. ಹೀಗಾಗಿ ನೀರು ಮಾತ್ರ ಯಾವಾಗಲೂ ಮೊಣಕಾಲುದ್ದ, ಆಳುದ್ದ, ಕೆಳಗಿನ ಕಲ್ಲು ಕಿಲೋಮೀಟರ್‌ಗಟ್ಟಲೆ ದಪ್ಪ. ಬಹಾಮಾಸ್‌ನಲ್ಲಿ ಕೊಳವೆ ಕೊರೆದು ನೋಡಿದರೆ 4 ಕಿಲೋಮೀಟರ್ ಕೆಳಗೆ ಹೋದರೂ ಇದೇ ಜಾತಿ ಕಲ್ಲು.

ಆದರೆ ಇದೆಲ್ಲ ಸುಣ್ಣ. ಡೋಲೋಮೈಟ್ ಎಲ್ಲಿ?

ಇಲ್ಲೇ ತಕರಾರು ಶುರು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂಗಿಂತ ಮೆಗ್ನೀಸಿಯಂ ಜಾಸ್ತಿ. ಕಣಗಳ ಲೆಕ್ಕದಲ್ಲಿ ಸುಮಾರು 5 ಪಟ್ಟು. ರಸಾಯನ ಶಾಸ್ತ್ರದ ಲೆಕ್ಕ ಹಾಕಿದರೆ ಡೋಲೋಮೈಟ್ ತಾನಾಗೇ ತಳಕ್ಕೆ ಕೂರಬೇಕು. ಕೂರುವುದಿಲ್ಲ. ಅಮೆರಿಕದ ಲಿಂಟನ್ ಲ್ಯಾಂಡ್ ಎಂಬ ಭೂವಿಜ್ಞಾನಿ, ಅಗತ್ಯಕ್ಕಿಂತ 1000 ಪಟ್ಟು ಹೆಚ್ಚು ಸರಕು ಕರಗಿಸಿದ ದ್ರಾವಣವನ್ನು 25 ಡಿಗ್ರಿ ಶಾಖದಲ್ಲಿ ಇಟ್ಟು ಕಾದರು. ಎಷ್ಟು ದಿನ ಅಂತೀರಿ? 32 ವರ್ಷ. 1998ರಲ್ಲಿ ಫಲಿತಾಂಶ ಪ್ರಕಟಿಸಿದರು, ಡೋಲೋಮೈಟ್ ಆಗಲಿಲ್ಲ ಅಂತ. ಸೋತ ಪ್ರಯೋಗವನ್ನು ಸೋತೆ ಅಂತ ಹೆಸರಿಟ್ಟೇ ಪ್ರಕಟಿಸುವ ಧೈರ್ಯ ನನಗೆ ಬಹಳ ಇಷ್ಟ.

ಕಾರಣ ಎರಡು. ಮೊದಲನೆಯದು, ಮೆಗ್ನೀಸಿಯಂ ಕಣ ನೀರಿನಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ಸುತ್ತ 6 ನೀರಿನ ಕಣಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹರಳಿನ ಒಳಗೆ ಕೂರಬೇಕಾದರೆ ಆ ನೆಂಟರನ್ನೆಲ್ಲ ಬಿಟ್ಟು ಬರಬೇಕು, ಬರುವುದಿಲ್ಲ. ಕ್ಯಾಲ್ಸಿಯಂಗೆ ಆ ಅಂಟು ಕಡಿಮೆ, ಅದು ಮೊದಲೇ ಬಂದು ಸೀಟು ಹಿಡಿಯುತ್ತದೆ. ಎರಡನೆಯದು ಆಗಲೇ ಹೇಳಿದ ಮಾಲೆಯ ಸರದಿ.

ಹಾಗಾದರೆ ಹಳೆ ಕಾಲದಲ್ಲಿ ಆದದ್ದು ಹೇಗೆ? ಹೆಚ್ಚಿನ ಡೋಲೋಮೈಟ್ ಹುಟ್ಟುವಾಗಲೇ ಡೋಲೋಮೈಟ್ ಆಗಿರಲಿಲ್ಲ. ಮೊದಲು ಸುಣ್ಣದ ಕೆಸರಾಗಿ, ಸುಣ್ಣದ ಕಲ್ಲಾಗಿ ಕೂತಿತ್ತು, ಆಮೇಲೆ ಮೆಗ್ನೀಸಿಯಂ ತುಂಬಿದ ಉಪ್ಪುನೀರು ಅದರ ಸಂದಿಗೊಂದಿಯಲ್ಲಿ ಹರಿದು, ಅರ್ಧ ಕ್ಯಾಲ್ಸಿಯಂ ಕಿತ್ತುಕೊಂಡು ಹೋಗಿ ತನ್ನ ಮೆಗ್ನೀಸಿಯಂ ಇಟ್ಟುಹೋಯಿತು. ಹಳೆ ಮನೆಯ ಗೋಡೆ ಬೀಳಿಸದೆ ಒಂದೊಂದೇ ಇಟ್ಟಿಗೆ ಬದಲಾಯಿಸಿದ ಹಾಗೆ. ಎಷ್ಟೋ ಡೋಲೋಮೈಟ್ ಕಲ್ಲುಗಳಲ್ಲಿ ಹಳೆಯ ಚಿಪ್ಪಿನ ಆಕಾರ ಮಸುಕಾಗಿ ಉಳಿದಿರುತ್ತದೆ, ಚಿಪ್ಪಿನ ಸುಣ್ಣ ಮಾತ್ರ ಇರುವುದಿಲ್ಲ. ಇನ್ನು ಕೆಲವದರಲ್ಲಿ ಗುರುತೆಲ್ಲ ಅಳಿಸಿ ಕಲ್ಲು ಪೂರ್ತಿ ಮಿರುಗುವ ಸಣ್ಣ ಹರಳಾಗಿರುತ್ತದೆ. ಭೂವಿಜ್ಞಾನದಲ್ಲಿ ಇದನ್ನು ‘ಸಕ್ಕರೆಯಂಥ’ ರಚನೆ ಅಂತಲೇ ಕರೆಯುತ್ತಾರೆ. ಸಕ್ಕರೆ ನಾಡಿನವರಿಗೆ ಬೇರೆ ವಿವರಣೆ ಯಾಕೆ.

ಆ ಗಟ್ಟಿ ಉಪ್ಪುನೀರು ಎಲ್ಲಿಂದ ಬಂತು ಅನ್ನುವುದನ್ನು ನಿಮಗೆ ವಿವರಿಸುವುದು ಬಹಳ ಸುಲಭ. ನಾಲೆ ಬಯಲಿನ ತಗ್ಗಿನ ಗದ್ದೆಗಳಿಗೆ ಚೌಳು ಹತ್ತುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಯುಗಾದಿ ಹೊತ್ತಿಗೆ ಗದ್ದೆ ಒಣಗಿದಾಗ ಬದುವಿನ ಪಕ್ಕ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಏಳುತ್ತದಲ್ಲ, ಕಾಲಿಟ್ಟರೆ ಪುಸುಕ್ ಅಂತ ಒಳಗೆ ಹೋಗುತ್ತದೆ, ಬೆರಳಿಗೆ ಹತ್ತಿಸಿ ನಾಲಿಗೆಗೆ ಇಟ್ಟರೆ ಉಪ್ಪು, ಒಗರು. ಆ ಉಪ್ಪನ್ನು ಯಾರೂ ತಂದು ಸುರಿದಿಲ್ಲ. ಕೆಳಗೆ ನಿಂತ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮಣ್ಣಿನಲ್ಲಿ ಏರಿತು, ಬಿಸಿಲಿಗೆ ನೀರು ಹಾರಿತು, ಉಪ್ಪು ಉಳಿಯಿತು.

ಸಮುದ್ರದ ಜಗಲಿಯ ದಡದ ಕಡೆಗೂ ಇದೇ ನಡೆಯುತ್ತದೆ. ಅಲ್ಲಿ ಉಬ್ಬರ ಬಂದಾಗ ಮುಳುಗುವ, ಇಳಿತದಲ್ಲಿ ಒಣಗುವ ಸಪಾಟು ಬಯಲಿರುತ್ತದೆ. ಅಬುಧಾಬಿಯ ಕರಾವಳಿಯಲ್ಲಿ ಇಂಥ ಬಯಲಿಗೆ ಸಬ್ಖಾ ಅನ್ನುತ್ತಾರೆ. ನಮ್ಮ ಚೌಳು ಗದ್ದೆಯ ದೊಡ್ಡಣ್ಣ ಅಂದುಕೊಳ್ಳಿ. ಸುಡುಬಿಸಿಲಿಗೆ ಸುಣ್ಣದ ಕೆಸರಿನೊಳಗಿನ ಕಡಲ ನೀರು ಗಟ್ಟಿಯಾಗುತ್ತಾ ಹೋಗುತ್ತದೆ, ಮೊದಲು ಜಿಪ್ಸಂ ಹರಳು ಕಟ್ಟುತ್ತದೆ. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಹಾಗಾಗಿ ಅದು ಕಟ್ಟಿದಷ್ಟೂ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ಮೆಗ್ನೀಸಿಯಂ ಹಾಗೇ ಉಳಿಯುತ್ತದೆ. 5 ಪಟ್ಟು ಇದ್ದದ್ದು 10 ಪಟ್ಟು ದಾಟುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆ ನೋಡಿದವರಿಗೆ ಇದು ಗೊತ್ತಿರುತ್ತದೆ. ಉಪ್ಪು ತೆಗೆದ ಮೇಲೆ ಉಳಿಯುವ ನೀರು ಬಾಯಿಗಿಡಲಾರದಷ್ಟು ಕಹಿ. ಆ ಕಹಿ ಮೆಗ್ನೀಸಿಯಂದು.

ಅಬುಧಾಬಿಯ ಆ ಬಯಲಿನಲ್ಲಿ ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ, ಕೆಸರಿನೊಳಗೆ, ಸಣ್ಣ ಸಣ್ಣ ಡೋಲೋಮೈಟ್ ಹರಳು ಸಿಗುತ್ತದೆ. 1960ರ ದಶಕದಲ್ಲಿ ಇದನ್ನು ಕಂಡವರು ಸಮಸ್ಯೆ ಬಗೆಹರಿಯಿತು ಅಂತಲೇ ಕುಣಿದರು. ಆದರೆ ಅಂಗೈ ಅಗಲದ ಕೆಸರಿನ ಪದರದಿಂದ ಬೆಟ್ಟದ ಲೆಕ್ಕ ಕೊಡಲಾಗುತ್ತದಾ? ಅದಕ್ಕೆ ಇನ್ನೊಂದು ದಾರಿ ಬೇಕಾಯಿತು. ಗಟ್ಟಿ ಉಪ್ಪುನೀರು ತೂಕ ಜಾಸ್ತಿ, ಮೇಲೆ ನಿಲ್ಲುವುದಿಲ್ಲ. ಜಗಲಿಯ ಮೇಲಿನ ಕಟ್ಟುನೀರು ಆವಿಯಾಗಿ ಭಾರವಾದಾಗ ಅದು ಕೆಳಗಿನ ಸುಣ್ಣದ ಪದರಗಳೊಳಗೆ ಇಳಿದು, ಜಗಲಿಯ ಅಂಚಿನ ಕಡೆಗೆ ನಿಧಾನವಾಗಿ ಸೋರುತ್ತಾ ಹೋಗುತ್ತದೆ. ಒಂದು ಘನ ಮೀಟರ್ ಕಲ್ಲು ಬದಲಾಗಲು ಸಾಧಾರಣ ಸಮುದ್ರದ ನೀರಾದರೆ ನೂರಾರು ಘನ ಮೀಟರ್ ಹರಿಯಬೇಕು, ಗಟ್ಟಿ ಉಪ್ಪುನೀರಾದರೆ ಅದರ ಒಂದು ಪಾಲು ಸಾಕು. ಇದು ಸಾವಿರಾರು, ಲಕ್ಷಾಂತರ ವರ್ಷ ನಡೆಯುವ ಕೆಲಸ. ಜಗಲಿ ಕುಸಿಯುತ್ತದೆ, ಮತ್ತೆ ಸುಣ್ಣ ತುಂಬುತ್ತದೆ, ದಡ ಮೇಲೇಳುತ್ತದೆ, ಒಣಗುತ್ತದೆ, ಮತ್ತೆ ಮುಳುಗುತ್ತದೆ. ಒಂದು ಸರದಿಗೆ ಒಂದೋ ಎರಡೋ ಮೀಟರ್ ಕಲ್ಲು. ಇಟಲಿಯ ಆ ಬೆಟ್ಟಗಳಲ್ಲಿ ಇಂಥ ಪಟ್ಟಿಗಳು ನೂರಾರು, ಪುಸ್ತಕ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂತಿವೆ. 20 ಕೋಟಿ ವರ್ಷಕ್ಕೂ ಹಿಂದಿನ ಉಬ್ಬರ ಇಳಿತದ ಬಯಲುಗಳು ಅವು. ಬಿಸಿಲಿಗೆ ಬಿರುಕು ಬಿಟ್ಟ ಕೆಸರಿನ ಗುರುತು ಈಗಲೂ ಕಲ್ಲಿನಲ್ಲಿದೆ.

ಈಗ ನನ್ನ ಬೋರ್ಡಿನ ಕಥೆ. 1973ರಲ್ಲಿ ಒಂದು ವಿವರಣೆ ಬಂತು. ನೆಲದಿಂದ ಬರುವ ಸಿಹಿನೀರು ಮತ್ತು ಸಮುದ್ರದ ನೀರು ಬೆರೆಯುವ ಜಾಗದಲ್ಲಿ ಡೋಲೋಮೈಟ್ ಆಗುತ್ತದೆ ಅಂತ. ಲೆಕ್ಕ ಚೆನ್ನಾಗಿ ಕೂರುತ್ತಿತ್ತು, ಚಿತ್ರ ಬರೆಯಲು ಸುಲಭ, ಪರೀಕ್ಷೆಗೆ ಕೇಳಲು ಇನ್ನೂ ಸುಲಭ. ವರ್ಷಗಟ್ಟಲೆ ನಾನದನ್ನು ಮೀನು ಮುಳ್ಳಿನಂತೆ ಗೆರೆ ಹಾಕಿ ಬರೆದೆ. ಆಮೇಲೆ ಜನ ಇವತ್ತಿನ ಕರಾವಳಿಗಳಲ್ಲಿ ನೀರು ಬೆರೆಯುವ ಆ ಜಾಗಗಳನ್ನೇ ಹುಡುಕಿಕೊಂಡು ಹೋದರು. ಸುಣ್ಣದ ಕಲ್ಲು ಕರಗಿ ಗುಹೆಯಾಗಿತ್ತು, ಡೋಲೋಮೈಟ್ ಮಾತ್ರ ಹೇಳಿಕೊಳ್ಳುವಷ್ಟು ಇರಲಿಲ್ಲ. ಈಗ ಆ ವಿವರಣೆಯನ್ನು ಮುಂದಿಡುವವರು ಕಡಿಮೆ. ನನ್ನ ಹಳೆ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ಕ್ಷಮೆ ಇರಲಿ.

ಇನ್ನೊಂದು ಕಡೆಯಿಂದ ಸೂಕ್ಷ್ಮಜೀವಿಗಳು ಬಂದವು. ಬ್ರೆಜಿಲ್‌ನ ಲಾಗೋವಾ ವರ್ಮೆಲ್ಯ ಎಂಬ ಉಪ್ಪಿನ ಕೊಳದಲ್ಲಿ, ಕೊಳೆತ ಮೊಟ್ಟೆ ವಾಸನೆಯ ಕಪ್ಪು ಕೆಸರಿನಲ್ಲಿ, ಡೋಲೋಮೈಟ್ ಆಗುತ್ತಿತ್ತು. ವಾಸ್ಕೊನ್ಸೆಲೋಸ್, ಜುಡಿತ್ ಮೆಕೆಂಜಿ ಮತ್ತು ಅವರ ಜೊತೆಯವರು 1995ರಲ್ಲಿ ತೋರಿಸಿದ್ದು, ಸಲ್ಫೇಟ್ ತಿಂದು ಬದುಕುವ ಬ್ಯಾಕ್ಟೀರಿಯಾ ಜೊತೆಗಿದ್ದರೆ ಸಾಧಾರಣ ಶಾಖದಲ್ಲೇ ಲ್ಯಾಬಿನಲ್ಲೂ ಡೋಲೋಮೈಟ್ ಕಾಣಿಸಿಕೊಳ್ಳುತ್ತದೆ ಅಂತ. ಅವುಗಳ ಸುತ್ತಲಿನ ಲೋಳೆ ಮೆಗ್ನೀಸಿಯಂ ಹಿಡಿದುಕೊಂಡ ನೀರಿನ ಕಣಗಳನ್ನು ಬಿಡಿಸಲು ನೆರವಾಗುತ್ತದೆ. ನೆಂಟರನ್ನು ಬಿಡಿಸುವವರು ಇವರೇ! ಬಹಳ ಹಳೆಯ ಸಮುದ್ರಗಳಲ್ಲಿ ಡೋಲೋಮೈಟ್ ಜಾಸ್ತಿ ಯಾಕೆ ಅನ್ನುವುದಕ್ಕೂ ಇದರಿಂದ ಒಂದು ಸುಳಿವು ಸಿಗುತ್ತದೆ. ಆಗ ಮೇಯುವ, ಬಿಲ ಕೊರೆಯುವ ಪ್ರಾಣಿಗಳೇ ಇರಲಿಲ್ಲ. ಜಗಲಿ ಪೂರ್ತಿ ಸೂಕ್ಷ್ಮಜೀವಿಗಳ ಲೋಳೆ ಚಾಪೆ ಹಾಸಿತ್ತು.

ಮಾಲೆ ಬಿಚ್ಚುವ ವಿಷಯಕ್ಕೆ ಈಗ ಬಂದೆ. 2023ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಮತ್ತು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಸೇರಿ ಒಂದು ಪ್ರಯೋಗ ಮಾಡಿದರು. ಹರಳು ಬೆಳೆಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸಿಕ್ಕ ಸಿಕ್ಕ ಜಾಗದಲ್ಲಿ ಅಂಟಿಕೊಂಡು ಸರದಿ ಕೆಡುತ್ತದೆ, ಕೆಟ್ಟ ಪದರದ ಮೇಲೆ ಮುಂದಿನದು ಬೆಳೆಯುವುದಿಲ್ಲ. ಸುಮ್ನೆ ಬಿಟ್ಟರೆ ಸರಿಯಾದ ಒಂದೇ ಒಂದು ಪದರಕ್ಕೆ 1 ಕೋಟಿ ವರ್ಷ ಹಿಡಿಯುತ್ತದೆ ಅನ್ನುವುದು ಅವರ ಲೆಕ್ಕ. ಆದರೆ ತಪ್ಪು ಜಾಗದಲ್ಲಿ ಕೂತ ಕಣಗಳ ಹಿಡಿತ ಸಡಿಲ. ಆಗಾಗ ಸ್ವಲ್ಪ ಕರಗಿಸಿದರೆ ಮೊದಲು ಕಿತ್ತು ಹೋಗುವುದು ಅವೇ. ಸರಿಯಾಗಿ ಕೂತವು ಉಳಿಯುತ್ತವೆ. ಒಂದು ಸಣ್ಣ ಹರಳಿಗೆ 2 ಗಂಟೆಯಲ್ಲಿ 4000 ಸಲ ಎಲೆಕ್ಟ್ರಾನ್ ಕಿರಣ ಹಾಯಿಸಿ, ಪ್ರತಿ ಸಲ ಒಂಚೂರು ಕರಗಿಸಿ, ಮತ್ತೆ ಬೆಳೆಯಲು ಬಿಟ್ಟರು. ಸುಮಾರು 300 ಪದರ ಬೆಳೆಯಿತು. ಅದಕ್ಕೂ ಮುಂಚೆ ಲ್ಯಾಬಿನಲ್ಲಿ 5ಕ್ಕಿಂತ ಹೆಚ್ಚು ಪದರ ಯಾರೂ ಬೆಳೆಸಿರಲಿಲ್ಲ.

ಲ್ಯಾಂಡ್ ಅವರ 32 ವರ್ಷದಲ್ಲಿ ಆಗದೇ ಇದ್ದದ್ದು ಇಲ್ಲಿ ಆದದ್ದು ಯಾಕೆ ಅಂತ ಗೊತ್ತಾಯಿತಲ್ಲ? ಅಲ್ಲಿ ಹೂ ಕಟ್ಟುವವರಿಗೆ ಬಿಚ್ಚುವ ಅವಕಾಶವೇ ಇರಲಿಲ್ಲ. ಉಬ್ಬರ ಇಳಿತದ ಬಯಲಿನಲ್ಲಿ ಅದು ದಿನಾ ಸಿಗುತ್ತದೆ. ಹೊಸ ನೀರು ಬಂದಾಗ, ಮಳೆ ಬಿದ್ದಾಗ ಸ್ವಲ್ಪ ಕರಗುತ್ತದೆ, ಬಿಸಿಲಿಗೆ ಮತ್ತೆ ಕಟ್ಟುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಕೂರಾಂಗ್ ಕೊಳಗಳಲ್ಲೂ ಇವತ್ತು ಡೋಲೋಮೈಟ್ ಆಗುತ್ತಿದೆ. ಅವೂ ಪ್ರತಿ ಬೇಸಿಗೆ ಬತ್ತಿ, ಚಳಿಗಾಲದಲ್ಲಿ ತುಂಬುವ ಕೊಳಗಳು. ಇಷ್ಟರಿಂದ ಎಲ್ಲ ಬಗೆಹರಿಯಿತು ಅಂತ ನಾನು ಹೇಳುವುದಿಲ್ಲ, ಬೋರ್ಡ್ ಅಳಿಸಿದ ಅನುಭವ ಇದೆಯಲ್ಲ. ಆಳದಲ್ಲಿ ಹೂತ ಮೇಲೆ ಬಿಸಿನೀರು ಹರಿದು ಆದ ಡೋಲೋಮೈಟೂ ಬೇಕಾದಷ್ಟಿದೆ, ಶಾಖ ಏರಿದರೆ ಮೆಗ್ನೀಸಿಯಂನ ಹಟವೂ ಇಳಿಯುತ್ತದೆ. ನನ್ನ ಮಟ್ಟಿಗೆ, ದಡದ ಬಯಲಿನಲ್ಲಿ ಬೀಜ ಬಿತ್ತು, ಸೋರಿದ ಉಪ್ಪುನೀರು ಅದನ್ನು ಹರಡಿತು, ಆಳದ ಶಾಖ ಹರಳನ್ನು ಬಲಿಸಿತು. ಯಾವುದೋ ಒಂದೇ ವಿವರಣೆ ಹಿಡಿದು ಜಗಳಾಡಿದ್ದೇ ಈ ವಿಷಯದಲ್ಲಿ ಹೆಚ್ಚು ಕಾಲ ತಿಂದಿತು.

ಇನ್ನು ಮಂಡ್ಯದ ಕೆಳಗೆ? ಇಲ್ಲ. ನಿಮ್ಮ ಬೋರ್‌ವೆಲ್ಲಿನಲ್ಲಿ ಸಿಗುವುದು ನೈಸ್, ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು, ಸಮುದ್ರದಲ್ಲಿ ಕೂತದ್ದಲ್ಲ. ಆದರೆ ಎಚ್.ಡಿ. ಕೋಟೆ ಕಡೆ ಸರಗೂರು ಸುತ್ತ 300 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳ ನಡುವೆ ಅಮೃತಶಿಲೆಯ ತುಣುಕು ಪಟ್ಟಿಗಳಿವೆ. ಹಳೆಯ ಸುಣ್ಣದ ಪದರ ಬೆಂದು ಹಾಗಾಗಿದೆ. ಮೈಸೂರಿನ ಪಕ್ಕದ ದೊಡ್ಡಕಾನ್ಯದಲ್ಲಿ ಬೆಳ್ಳಗಿನ ಮ್ಯಾಗ್ನಸೈಟ್ ತೆಗೆಯುತ್ತಿದ್ದದ್ದು ನೆನಪಿರುವವರು ‘ಅದೂ ಮೆಗ್ನೀಸಿಯಂ ಅಲ್ವಾ’ ಅನ್ನಬಹುದು. ಹೌದು, ಆದರೆ ಅದು ಭೂಮಿಯ ಒಳಗಿನಿಂದ ಬಂದ ಮೆಗ್ನೀಸಿಯಂ ತುಂಬಿದ ಕಪ್ಪು ಕಲ್ಲು ಕೊಳೆತು ಆದದ್ದು, ಅದಕ್ಕೆ ಸಮುದ್ರ ಬೇಕಿಲ್ಲ. ಸಮುದ್ರದ ಜಗಲಿಯನ್ನೇ ನೋಡಬೇಕಾದರೆ ಮಗಳನ್ನು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಕರೆದುಕೊಂಡು ಹೋಗಿ. ಅಲ್ಲಿನ ಡೋಲೋಮೈಟ್ ನೂರು ಕೋಟಿ ವರ್ಷಕ್ಕೂ ಹಳೆಯದು. ಎಲೆಕೋಸು ಅಡ್ಡಕ್ಕೆ ಹೆಚ್ಚಿದ ಹಾಗೆ ಪದರ ಪದರವಾಗಿ ಸುತ್ತಿದ ಗುರುತುಗಳು ಕಲ್ಲಿನಲ್ಲಿ ಕಾಣುತ್ತವೆ. ಆಗಲೇ ಹೇಳಿದೆನಲ್ಲ, ಆ ಲೋಳೆ ಚಾಪೆಗಳೇ ಅವು.

ಕೊನೆಗೆ ನಿಮ್ಮ ಎರಡು ಮೂಟೆ. ಡೋಲೋಮೈಟ್ ಪುಡಿ ಹುಳಿ ಮಣ್ಣಿಗೆ, ಅಂದರೆ ಕರಾವಳಿ, ಮಲೆನಾಡಿನ ಕಡೆಯ ಮಣ್ಣಿಗೆ ಚೆನ್ನಾಗಿ ಹತ್ತುತ್ತದೆ. ಅಲ್ಲಿನ ಹುಳಿ ಅದನ್ನು ಕರಗಿಸುತ್ತದೆ. ನಾಲೆ ಬಯಲಿನ ಬಹಳಷ್ಟು ಮಣ್ಣಿನಲ್ಲಿ ಆ ಹುಳಿ ಇರುವುದಿಲ್ಲ. ಆಸಿಡ್ ಹನಿಗೇ ಜಗ್ಗದ ಕಲ್ಲು ಅಂಥ ಮಣ್ಣಿಗೆ ಜಗ್ಗುತ್ತದಾ? ವರ್ಷ ಕಳೆದರೂ ಪುಡಿ ಪುಡಿಯಾಗೇ ಬಿದ್ದಿರುತ್ತದೆ. ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 7ಕ್ಕಿಂತ ಜಾಸ್ತಿ ಬಂದು, ಗರಿ ಹಳದಿಯಾಗಲು ಮೆಗ್ನೀಸಿಯಂ ಕೊರತೆಯೇ ಕಾರಣ ಅಂತ ಗೊತ್ತಾದರೆ ಮೆಗ್ನೀಸಿಯಂ ಸಲ್ಫೇಟ್ ಕೇಳಿ, ಅದು ನೀರಿನಲ್ಲಿ ಕರಗುತ್ತದೆ. ಸೋಡಿಯಂ ಹತ್ತಿದ ಚೌಳಾಗಿದ್ದರೆ ಜಿಪ್ಸಂ ಹಾಕಿ ಅಂತ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಮೂಟೆಯ ಹೊಲಿಗೆ ಬಿಚ್ಚಬೇಡಿ, ಅಂಗಡಿಯವರು ವಾಪಸ್ ತಗೊಂಡರೂ ತಗೊಂಡಾರು. ಮಗಳಿಗೆ ಪ್ರಯೋಗಕ್ಕೆ ಒಂದು ಚಮಚ ಪುಡಿ ಬೇಕಿದ್ದರೆ ಮೂಲೆಯಲ್ಲಿ ಸಣ್ಣ ತೂತು ಮಾಡಿ ತೆಗೆದುಕೊಡಿ. ಆಸಿಡ್ ಮಾತ್ರ ಕಾಲೇಜಿನ ಲ್ಯಾಬಿನಲ್ಲೇ, ಕನ್ನಡಕ ಹಾಕಿಕೊಂಡು.